ಶಿರಸಿಯ ತೇಗಕ್ಕೆ ಬಳ್ಳಾರಿಯ ಗಾಳಿ ಒಗ್ಗುವವರೆಗೆ

ಹೊಸ ಮನೆಗೆ ಮರದ ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಬಡಿಯುವ ಪಟ್ಟಿ), ಬಾಗಿಲುವಾಡದ ಸುತ್ತ ಬಡಿಯುವ ಪಟ್ಟಿ, ಕಿಟಕಿಯ ಬೀಡಿಂಗ್ (ಅಂಚಿಗೆ ಕೂರಿಸುವ ಸಣ್ಣ ಪಟ್ಟಿ) ಇವನ್ನೆಲ್ಲ ಮಾಡಿಸಲು ಹೊರಟವರಿಗೆ ಎಲ್ಲರೂ ಹೇಳುವ ಮಾತು, ಮರ ಒಣಗಿರಬೇಕು ಎಂಬುದು. ಯಾವ ಊರಿನ ಗಾಳಿಗೆ ಒಣಗಿರಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಶಿರಸಿ ಸೀಮೆಯ ನಮ್ಮ ಹಿರಿಯರ ಮನೆಯ ಅಟ್ಟದಲ್ಲಿ ಒಂದು ಪೂರ್ತಿ ಮಳೆಗಾಲ ಕಳೆದ ತೇಗದ ಹಲಗೆಗಳನ್ನು ಬಳ್ಳಾರಿಗೆ ತಂದು, ಅವು ಇಲ್ಲಿಯ ಗಾಳಿಗೆ ಹೊಂದಿಕೊಳ್ಳುವವರೆಗೆ ಕಾದು, ಪಟ್ಟಿಗಳನ್ನಾಗಿ ಕೊರೆಸಿ, ಗೋಡೆಗೆ ಕೂರಿಸುವ ಕೆಲಸ ನಮ್ಮ ಮನೆಯಲ್ಲಿ ಈಚೆಗಷ್ಟೇ ಮುಗಿಯಿತು. ಕಾಯುವ ಅವಧಿಯಲ್ಲಿ ಬಡಗಿ, ಮೇಸ್ತ್ರಿ, ನೆಂಟರು, ಮನೆಯವರು ಎಲ್ಲರಿಗೂ ಪ್ರತ್ಯೇಕವಾಗಿ ಉತ್ತರ ಹೇಳಬೇಕಾಗಿ ಬಂದದ್ದರಿಂದ, ಇದೇ ದಾರಿಯಲ್ಲಿರುವ ಇತರರಿಗೆ ಆ ಉತ್ತರಗಳು ಒಂದೇ ಕಡೆ ಸಿಗಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮರ ನಮ್ಮ ಜಮೀನಿನದೇ. ಆದರೂ ತೇಗವನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು; ಕಡಿದದ್ದನ್ನು ಸಾಗಿಸಲು ಅರಣ್ಯ ಇಲಾಖೆಯ ಸಾಗಣೆ ಪರವಾನಗಿ, ಅಂದರೆ ಊರಲ್ಲಿ ಎಲ್ಲರೂ ಪಾಸ್ ಎನ್ನುವ ಕಾಗದ ಬೇಕು. ಪಹಣಿ ಜಂಟಿಯಾಗಿದ್ದುದರಿಂದ ದೊಡ್ಡಪ್ಪ ಮತ್ತು ಅವರ ಮಕ್ಕಳ ಒಪ್ಪಿಗೆ ಪತ್ರಗಳನ್ನು ಕೂಡಿಸಿ ಅರ್ಜಿ ಕೊಟ್ಟೆವು. ಸ್ಥಳ ಪರಿಶೀಲನೆ ಮುಗಿದು ಅನುಮತಿ ಬರುವ ಹೊತ್ತಿಗೆ ಬೇಸಗೆ ಅರ್ಧ ಕಳೆದಿತ್ತು. ಮರ ಕಡಿಸಿ, ಸಾಮಿಲ್ಲಿನಲ್ಲಿ ಒಂದೂಕಾಲು ಇಂಚು ದಪ್ಪದ ಹಲಗೆಗಳಾಗಿ ಕೊಯ್ಯಿಸಿ ಮನೆಗೆ ತರುವಷ್ಟರಲ್ಲಿ ಮುಂಗಾರಿನ ಮೊದಲ ಮಳೆಯೇ ಬಂದುಬಿಟ್ಟಿತು. ಹಲಗೆಗಳು ಒಣಗಬೇಕಾದ ಬಿಸಿಲಿನ ತಿಂಗಳುಗಳನ್ನು ಕಡತ ನುಂಗಿತು. ಇದನ್ನು ದೂರಾಗಿ ಹೇಳುತ್ತಿಲ್ಲ. ಮಲೆನಾಡಿನ ಮರವನ್ನು ಬಯಲುಸೀಮೆಗೆ ಒಯ್ಯುವವರು ಅರ್ಜಿಯನ್ನು ಮಳೆಗಾಲ ಮುಗಿಯುತ್ತಿದ್ದಂತೆ ಕೊಟ್ಟರೆ ಚಳಿಗಾಲ ಮತ್ತು ಬೇಸಗೆ ಎರಡೂ ಮರಕ್ಕೆ ಸಿಗುತ್ತವೆ ಎಂಬ ಲೆಕ್ಕಕ್ಕಾಗಿ ಹೇಳುತ್ತಿದ್ದೇನೆ.

ಪಾಸಿನಲ್ಲಿ ಮರದ ಜಾತಿ, ಪ್ರಮಾಣ, ಹೋಗುವ ಊರು, ವಾಹನದ ಸಂಖ್ಯೆ, ಅವಧಿ ಎಲ್ಲವೂ ನಮೂದಾಗಿರುತ್ತವೆ. ನಾವು ಗೊತ್ತುಮಾಡಿದ್ದ ಪಿಕಪ್ ವಾಹನ ಹೊರಡುವ ದಿನ ಬೆಳಗ್ಗೆ ಕೆಟ್ಟು ನಿಂತಿತು. ಬೇರೆ ಗಾಡಿ ತಕ್ಷಣ ಸಿಕ್ಕಿತಾದರೂ, ಹೊಸ ಸಂಖ್ಯೆಗೆ ಪಾಸ್ ಬದಲಿಸಿಕೊಳ್ಳದೆ ಹೊರಡುವಂತಿರಲಿಲ್ಲ. ಸಂಬಂಧಪಟ್ಟ ಅಧಿಕಾರಿ ಅಂದು ಬೇರೆ ವಲಯದಲ್ಲಿದ್ದರು. ಹಲಗೆಗಳು ಟಾರ್ಪಾಲಿನಡಿ ಅಂಗಳದಲ್ಲಿ ಎರಡು ರಾತ್ರಿ ಕಳೆದವು. ಹಾಗಾಗಿ ಕಾಗದ ಕೈಗೆ ಬರುವವರೆಗೆ ಮರವನ್ನು ಅಟ್ಟದಿಂದ ಇಳಿಸಬೇಡಿ; ಟಾರ್ಪಾಲಿನ ಒಳಗೆ ಕಟ್ಟಿಕೊಂಡ ಹಸಿಗಾಳಿ ಮಳೆಗಿಂತ ಕಡಿಮೆಯೇನಲ್ಲ.

ಹೀಗೆಲ್ಲ ತೇವಾಂಶದ ಮಾತಾಡುವ ನನಗೆ ಮೊದಲಿನಿಂದ ಮರದ ವಿದ್ಯೆ ಗೊತ್ತಿತ್ತು ಎಂದುಕೊಳ್ಳಬೇಡಿ. ಇದೇ ಊರಿನಲ್ಲಿ ನೆಂಟರೊಬ್ಬರ ಮನೆಯಲ್ಲಿ, ಕರಾವಳಿಯಿಂದ ತರಿಸಿ ಅದೇ ವಾರ ಕೂರಿಸಿದ ಹಲಸಿನ ಪಟ್ಟಿಗಳು ಮಾರನೆಯ ಬೇಸಗೆಯಲ್ಲಿ ಮೂಲೆಮೂಲೆಗೂ ಬಾಯಿಬಿಟ್ಟದ್ದನ್ನು ನೋಡಿದ್ದೆ. ಅಲ್ಲಿಂದ ಓದಲು, ಕೇಳಲು ತೊಡಗಿದೆ. ತಿಳಿದದ್ದು ಇಷ್ಟು: ಮರ ಒಮ್ಮೆ ಒಣಗಿದರೆ ಒಣಗಿಯೇ ಇರುವ ವಸ್ತುವಲ್ಲ. ಸುತ್ತಲಿನ ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಹೀರಿಕೊಳ್ಳುತ್ತದೆ, ಕಡಿಮೆಯಿದ್ದರೆ ಬಿಟ್ಟುಕೊಡುತ್ತದೆ; ಕೊಡುವುದೂ ಪಡೆಯುವುದೂ ಸಮವಾದಾಗ ನಿಲ್ಲುತ್ತದೆ. ನಮ್ಮ ಕಡೆಯ ಉಷ್ಣತೆಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ (ಗಾಳಿ ಹಿಡಿದಿಡಬಲ್ಲ ತೇವದಲ್ಲಿ ನಿಜಕ್ಕೂ ಇರುವ ಪಾಲು) ಶೇ. 90ರ ಆಸುಪಾಸಿನಲ್ಲೇ ಇದ್ದರೆ ಮರದ ತೇವಾಂಶ (ಒಣ ಮರದ ತೂಕಕ್ಕೆ ಹೋಲಿಸಿದ ನೀರಿನ ತೂಕ) ಶೇ. 20ರ ಹತ್ತಿರ ನಿಲ್ಲುತ್ತದೆ, ಶೇ. 65 ಇದ್ದರೆ 12ರ ಹತ್ತಿರ, ಶೇ. 50 ಇದ್ದರೆ 9, ಶೇ. 30ಕ್ಕೆ ಇಳಿದರೆ 6. ಶಿರಸಿಯ ಆಷಾಢ ಶ್ರಾವಣಗಳ ಗಾಳಿ ಮೊದಲನೆಯ ಲೆಕ್ಕಕ್ಕೆ, ಬಳ್ಳಾರಿಯ ಮಾರ್ಚ್ ಏಪ್ರಿಲ್‌ಗಳ ಮಧ್ಯಾಹ್ನ ಕೊನೆಯ ಲೆಕ್ಕಕ್ಕೆ ಸೇರುತ್ತವೆ. ದೊಡ್ಡಪ್ಪ ಅಟ್ಟದ ಹಲಗೆ ತಟ್ಟಿ ತೋರಿಸಿ ಒಣಗಿದೆ ಎಂದದ್ದು ಅವರ ಊರಿನ ಮಟ್ಟಿಗೆ ಪೂರ್ತಿ ನಿಜವೇ ಆಗಿತ್ತು. ಮಾಪಕದಿಂದ ಅಳೆದು ನೋಡಿದಾಗ ಅದರ ತೇವಾಂಶ ಶೇ. 18 ಇತ್ತು.

ಇದರಿಂದ ಪಟ್ಟಿಗೆ ಆಗುವುದೇನು ಎಂಬುದನ್ನೂ ಲೆಕ್ಕ ಹಾಕಿ ನೋಡಬಹುದು. ಮರ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ; ಹತ್ತಡಿ ಪಟ್ಟಿಯಲ್ಲೂ ಒಂದೆರಡು ಮಿಲಿಮೀಟರ್ ದಾಟದು. ಅಗಲಕ್ಕೆ ಮಾತ್ರ ಚೆನ್ನಾಗಿ ಕುಗ್ಗುತ್ತದೆ. ತೇಗ ಆ ಮಟ್ಟಿಗೆ ಸೌಮ್ಯ ಮರವಾದರೂ, ವಾರ್ಷಿಕ ಬಳೆಗಳಿಗೆ ಸಮಾಂತರವಾಗಿ ಕೊಯ್ದ 100 ಮಿ.ಮೀ. ಅಗಲದ ಹಲಗೆ, ತೇವಾಂಶ ಶೇ. 1ರಷ್ಟು ಇಳಿದಂತೆಲ್ಲ ಸುಮಾರು 0.2 ಮಿ.ಮೀ. ಕುಗ್ಗುತ್ತದೆ. ಹದಿನೆಂಟರಿಂದ ಒಂಬತ್ತಕ್ಕೆ ಬರುವಾಗ ಹತ್ತಿರ ಹತ್ತಿರ 1.7 ಮಿ.ಮೀ. ಬಳೆಗಳಿಗೆ ಅಡ್ಡಲಾಗಿ ಕೊಯ್ದ ಹಲಗೆಯಾದರೆ ಇದರ ಸುಮಾರು ಅರ್ಧದಷ್ಟು. ಕಾಗದದ ಮೇಲೆ ಸಣ್ಣದಾಗಿ ಕಾಣುವ ಈ ಸಂಖ್ಯೆ, ಬಾಗಿಲಿನ ಮೂಲೆಯಲ್ಲಿ 45 ಡಿಗ್ರಿಗೆ ಕತ್ತರಿಸಿ ಕೂಡಿಸಿದ ಜಾಗದಲ್ಲಿ ದೊಡ್ಡದಾಗಿ ಕಾಣುತ್ತದೆ. ಅಗಲ ಕುಗ್ಗಿ ಉದ್ದ ಹಾಗೆಯೇ ಉಳಿಯುವುದರಿಂದ ಕತ್ತರಿಸಿದ ಕೋನವೇ ಬದಲಾಗಿ, ಹೊರತುದಿ ಕೂಡಿಕೊಂಡಿದ್ದರೂ ಒಳತುದಿ ತೆರೆದುಕೊಳ್ಳುತ್ತದೆ. ಮರ ಉಬ್ಬಿದರೆ ಇದಕ್ಕೆ ವಿರುದ್ಧವಾಗಿ ಹೊರತುದಿ ತೆರೆಯುತ್ತದೆ. ಹೀಗಾಗಿ ಮೂಲೆಯ ಬಿರುಕು ಎಲ್ಲಿ ಬಿಟ್ಟಿದೆ ಎಂದು ನೋಡಿಯೇ, ಆ ಪಟ್ಟಿಯನ್ನು ತೀರ ಹಸಿಯಿದ್ದಾಗ ಕೂರಿಸಿದರೋ ತೀರ ಒಣಗಿದ್ದಾಗ ಕೂರಿಸಿದರೋ ಹೇಳಬಹುದು. ನೆಂಟರ ಮನೆಯಲ್ಲಿ ಎಲ್ಲವೂ ಒಳತುದಿಯಲ್ಲೇ ಬಿಟ್ಟಿದ್ದವು.

ಹಲಗೆಗಳು ಬಂದಿಳಿದ ಮೇಲೆ ಎದುರಾದ ಮೊದಲ ಅಡ್ಡಿ ಮರದ್ದಾಗಿರಲಿಲ್ಲ, ಮನೆಯದಾಗಿತ್ತು. ಮೇಲಿನ ಕೋಣೆಯ ಗೋಡೆಗಳಿಗೆ ಗಿಲಾವು ಮುಗಿದು, ಅದಕ್ಕೆ ದಿನಾ ಪೈಪಿನಲ್ಲಿ ನೀರುಣಿಸಿ ನಿಲ್ಲಿಸಿ ಹೆಚ್ಚು ಕಾಲವಾಗಿರಲಿಲ್ಲ. ಆರ್ದ್ರತಾ ಮಾಪಕವನ್ನು ಆ ಕೋಣೆಯಲ್ಲಿಟ್ಟು ಬಾಗಿಲು ಹಾಕಿದೆ; ಹೊರಗೆ ಶೇ. 55 ತೋರಿಸುತ್ತಿದ್ದ ಅದೇ ಮಾಪಕ ಒಳಗೆ 80ಕ್ಕೆ ಹೋಯಿತು. ಅಂಥ ಕೋಣೆಯಲ್ಲಿ ಮರವನ್ನು ಎಷ್ಟು ತಿಂಗಳಿಟ್ಟರೂ ಅದು ಒಗ್ಗುವುದು ಹಸಿ ಗಿಲಾವಿನ ಗಾಳಿಗೆ, ನಾವು ವಾಸಿಸಲಿರುವ ಮನೆಯ ಗಾಳಿಗಲ್ಲ. ಗಿಲಾವು, ಪುಟ್ಟಿ, ನೆಲಕ್ಕೆ ಟೈಲ್ಸ್, ಬಣ್ಣದ ಮೊದಲ ಕೋಟು ಇವೆಲ್ಲ ಮುಗಿದು, ಕಿಟಕಿಗೆ ಗಾಜು ಕೂತು, ಕೋಣೆ ತನ್ನ ನಿತ್ಯದ ಸ್ಥಿತಿಗೆ ಬಂದಮೇಲೆ ಮಾತ್ರ ಮರ ಒಳಗೆ ಬರಬೇಕು. ಗೋಡೆ ಒಣಗಿದೆಯೇ ಎಂದು ನೋಡಲು ಸುಲಭದ ಉಪಾಯವೊಂದಿದೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಮರುದಿನ ತೆಗೆದು ನೋಡಿ. ಹಾಳೆಯ ಒಳಮೈ ಬೆವತಿದ್ದರೆ ಅಥವಾ ಗೋಡೆಯ ಆ ಭಾಗ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಅಲ್ಲಿಯವರೆಗೆ ಹಲಗೆಗಳನ್ನು ಪರಿಚಯದವರೊಬ್ಬರ ಖಾಲಿ ಮಳಿಗೆಯಲ್ಲಿ ಸಣ್ಣ ಬಾಡಿಗೆಗೆ ಇರಿಸಿದೆ. ಮೇಸ್ತ್ರಿಗೆ ಈ ವ್ಯವಹಾರ ಹಿಡಿಸಲಿಲ್ಲ. ಕಟ್ಟಿಗೆಗೆ ಬಾಡಿಗೆ ಕಟ್ಟುವ ಮನುಷ್ಯ ಎಂದು ಕೆಲಸದವರೆದುರು ನನ್ನನ್ನು ಪರಿಚಯಿಸತೊಡಗಿದರು.

ಕೋಣೆ ಸಿದ್ಧವಾಗುವ ಮೊದಲೇ ಮಾಡಿ ಮುಗಿಸಬೇಕಾದ ಕೆಲಸ ಇನ್ನೊಂದಿತ್ತು. ಕೆಲವು ಹಲಗೆಗಳ ಅಂಚಿನಲ್ಲಿ ಚೇಗಲ್ಲದ (ಚೇಗು ಎಂದರೆ ಮರದ ಒಳಗಿನ ಗಟ್ಟಿ ಭಾಗ) ಬಿಳಿಯ ಭಾಗ ಉಳಿದಿತ್ತು. ಅದರಡಿಯಲ್ಲಿ ಹಿಟ್ಟಿನಂಥ ಪುಡಿ ಉದುರಿದ್ದು ಕಂಡಿತು. ತೇಗದ ಚೇಗನ್ನು ಹುಳ ಮುಟ್ಟುವುದು ಅಪರೂಪ, ಬಿಳಿ ಭಾಗವನ್ನು ಮಾತ್ರ ಬಿಡುವುದಿಲ್ಲ. ಸಾಧ್ಯವಾದಷ್ಟು ಬಿಳಿ ಅಂಚನ್ನು ಸೀಳಿ ತೆಗೆಸಿದೆ. ತೆಗೆಯಲಾಗದ ಕಡೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಬಳಿಸಿದೆ. ಈ ದ್ರಾವಣ ನೀರಿನದ್ದಾದ್ದರಿಂದ ಮರದ ಮೈ ಮತ್ತೆ ಹಸಿಯಾಗುತ್ತದೆ. ಒಗ್ಗಿಸಲು ಇಟ್ಟ ಮೇಲೆ ಇದನ್ನು ಮಾಡಿದರೆ ಕಾದದ್ದಕ್ಕೆ ಅರ್ಥ ಉಳಿಯುವುದಿಲ್ಲ.

ಕೊನೆಗೆ ಮೇಲಿನ ಮಲಗುವ ಕೋಣೆಯಲ್ಲಿ ಹಲಗೆಗಳನ್ನು ಪೇರಿಸಿದೆವು. ಪೇರಿಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಬಹುಪಾಲು ಮನೆಗಳಲ್ಲಿ ಪಟ್ಟಿಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸುತ್ತಾರೆ, ಅವು ನಿಂತಲ್ಲೇ ಬಿಲ್ಲಾಗುತ್ತವೆ. ನೆಲದಿಂದ ನಾಲ್ಕು ಇಂಚು ಎತ್ತರಕ್ಕೆ ಸಮಮಟ್ಟದಲ್ಲಿ ತೊಲೆಯ ತುಂಡುಗಳನ್ನಿಟ್ಟು, ಅದರ ಮೇಲೆ ಒಂದು ಸಾಲು ಹಲಗೆ, ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು, ಮೇಲೆ ಪ್ರತಿ ಒಂದೂವರೆ ಅಡಿಗೊಂದು ಮುಕ್ಕಾಲಿಂಚಿನ ಒಣ ರೀಪರ್ (ತೆಳುವಾದ ಮರದ ಪಟ್ಟಿ) ತುಂಡು ಅಡ್ಡಕ್ಕೆ, ಮತ್ತೆ ಹಲಗೆ, ಹೀಗೆ ಸಾಗಬೇಕು. ಮುಖ್ಯವಾದದ್ದು, ಕೆಳಗಿನಿಂದ ಮೇಲಿನವರೆಗೆ ರೀಪರುಗಳು ಒಂದರ ಮೇಲೊಂದು ನೇರ ಸಾಲಿನಲ್ಲಿ ಬರಬೇಕು. ತಪ್ಪಿದರೆ ಮೇಲಿನ ಭಾರಕ್ಕೆ ಕೆಳಗಿನ ಹಲಗೆ ಅಲ್ಲಲ್ಲಿ ಬಾಗಿ ಅದೇ ಆಕಾರದಲ್ಲಿ ಒಣಗುತ್ತದೆ. ಗೋಡೆಗೂ ರಾಶಿಗೂ ನಡುವೆ ಒಂದಡಿ ಬಿಟ್ಟೆವು. ಮೇಲ್ಸಾಲಿನ ಹಲಗೆ ಸೊಟ್ಟಗಾಗದಿರಲು ಮಿಕ್ಕ ಗ್ರಾನೈಟ್ ತುಂಡುಗಳನ್ನು ಹೇರಿದೆವು. ಹಲಗೆಗಳ ತುದಿಗಳಿಗೆ ಹಳೆಯ ಎಣ್ಣೆಬಣ್ಣ ದಪ್ಪಗೆ ಬಳಿದೆವು, ಏಕೆಂದರೆ ಮರದ ನೀರು ಮೈಯಿಗಿಂತ ತುದಿಯಿಂದ ಬಹಳ ಬೇಗ ಹೊರಡುತ್ತದೆ, ತುದಿ ಮೊದಲು ಒಣಗಿ ಸೀಳುತ್ತದೆ. ಫ್ಯಾನನ್ನು ನೇರವಾಗಿ ಹಾಯಿಸಲಿಲ್ಲ, ಎ.ಸಿ. ಹಾಕಲಿಲ್ಲ, ಕಿಟಕಿಯನ್ನು ಹಗಲು ಸ್ವಲ್ಪ ತೆರೆದಿಟ್ಟು ಪರದೆ ಇಳಿಬಿಟ್ಟಿದ್ದೆವು. ಹಲಗೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡುವ ಸಲಹೆ ಹಲವರಿಂದ ಬಂತು. ಸುತ್ತಿಟ್ಟರೆ ಕೋಣೆಯ ಗಾಳಿ ಅವಕ್ಕೆ ತಾಗುವುದೇ ಇಲ್ಲ.

ಕಟ್ಟುನಿಟ್ಟಾಗಿ ಹೇಳಬೇಕೆಂದರೆ ನಾನು ಮಾಡಿದ್ದು ಎರಡು ಕೆಲಸಗಳನ್ನು ಒಂದರೊಳಗೊಂದು. ಹದಿನೆಂಟರಿಂದ ಹನ್ನೆರಡರವರೆಗೆ ಬಂದದ್ದು ಒಣಗುವಿಕೆ. ಅಲ್ಲಿಂದ ಒಂಬತ್ತಕ್ಕೆ ಬಂದು ನಿಂತದ್ದು ಒಗ್ಗುವಿಕೆ. ಭಟ್ಟಿಯಲ್ಲಿ ಒಣಗಿಸಿದ ಮರವನ್ನು ಅಂಗಡಿಯಿಂದ ಕೊಳ್ಳುವವರಿಗೆ ಮೊದಲನೆಯದು ಮುಗಿದಿರುತ್ತದೆ, ಎರಡನೆಯದಷ್ಟೇ ಉಳಿದಿರುತ್ತದೆ. ತೆಳುವಾದ ಪಟ್ಟಿಗಳಿಗೆ ಒಂದೆರಡು ವಾರ ಸಾಕಾಗಬಹುದು. ಆದರೆ ಆ ಮರ ಮಾರಾಟಗಾರರ ತೆರೆದ ಶೆಡ್ಡಿನಲ್ಲಿ ಒಂದು ಮಳೆಗಾಲ ಕಳೆದಿದ್ದರೆ ಭಟ್ಟಿಯ ಹೆಸರು ಬಿಲ್ಲಿನಲ್ಲಿ ಉಳಿದಿರುತ್ತದೆಯೇ ಹೊರತು ಮರದಲ್ಲಲ್ಲ. ಅಳೆದು ಕೊಳ್ಳುವುದೇ ಮೇಲು.

ಅಳೆಯಲು ಎರಡು ಮುಳ್ಳುಗಳ ವಿದ್ಯುತ್ ಮಾಪಕವೊಂದನ್ನು ಸುಮಾರು 2,000 ರೂಪಾಯಿಗೆ ತರಿಸಿದ್ದೆ. ಇದನ್ನು ಮೈಮೇಲೆ ಚುಚ್ಚಿದರೆ ಸಿಗುವುದು ಮೈಯ ಲೆಕ್ಕ. ಹೊರಗೆ ಹತ್ತು ತೋರಿಸಿದ ಹಲಗೆಯನ್ನೇ ಮಧ್ಯಕ್ಕೆ ಕತ್ತರಿಸಿ, ಹೊಸದಾಗಿ ತೆರೆದ ತುದಿಯ ನಡುಭಾಗಕ್ಕೆ ಚುಚ್ಚಿದರೆ ಹದಿನಾಲ್ಕು ಬಂತು. ಅದಕ್ಕಾಗಿ ಒಂದು ಹಲಗೆಯನ್ನು ಬಲಿಗೆಂದೇ ತೆಗೆದಿರಿಸಿ. ಅಗ್ಗದ ಮಾಪಕದಲ್ಲಿ ತೇಗಕ್ಕೆಂದು ತಿದ್ದುಪಡಿ ಇರುವುದಿಲ್ಲ, ಆದ್ದರಿಂದ ಅದರ ಸಂಖ್ಯೆಯನ್ನು ಒಮ್ಮೆ ಸರಿಯಾದ ವಿಧಾನದೊಡನೆ ಹೋಲಿಸಿ ನೋಡುವುದು ಒಳ್ಳೆಯದು. ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುವ ಸ್ನೇಹಿತರು ಮಣ್ಣಿನ ಪರೀಕ್ಷೆಗೆ ಬಳಸುವ ಒಲೆಯಲ್ಲಿ ಸಣ್ಣ ತುಂಡೊಂದನ್ನು 103 ಡಿಗ್ರಿಯಲ್ಲಿ, ತೂಕ ಇನ್ನು ಇಳಿಯದು ಎನ್ನುವವರೆಗೆ ಒಣಗಿಸಿಕೊಟ್ಟರು. ಕಳೆದ ನೀರಿನ ತೂಕವನ್ನು ಒಣ ಮರದ ತೂಕದಿಂದ ಭಾಗಿಸಿದರೆ ತೇವಾಂಶ ಸಿಗುತ್ತದೆ. ನನ್ನ ಮಾಪಕ ಸುಮಾರು ಒಂದಂಶ ಹೆಚ್ಚು ಹೇಳುತ್ತಿತ್ತು. ಬೆಂಗಳೂರಿನವರಿಗೆ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ. ಹೆಚ್ಚು ಬೆಲೆಯ ಮರವಾದರೆ ಅಲ್ಲಿ ವಿಚಾರಿಸಬಹುದು.

ಆದರೂ ದಿನನಿತ್ಯದ ನಂಬಿಕೆಯ ಅಳತೆ ನನಗೆ ಸಿಕ್ಕಿದ್ದು ತಕ್ಕಡಿಯಲ್ಲಿ. ರಾಶಿಯ ನಡುವಿನಿಂದ ಸುಲಭವಾಗಿ ಎಳೆಯಬಹುದಾದ ಒಂದು ತುಂಡು ಹಲಗೆಗೆ ಗುರುತು ಹಾಕಿ, ವಾರಕ್ಕೊಮ್ಮೆ ಡಿಜಿಟಲ್ ತೂಕದ ಯಂತ್ರದ ಮೇಲಿಟ್ಟು ಬರೆದಿಡುತ್ತಿದ್ದೆ. ಶೇ. 18 ತೇವಾಂಶದಲ್ಲಿ 2.36 ಕಿಲೋ ತೂಗುವ ಹಲಗೆಯ ಒಣತೂಕ 2 ಕಿಲೋ, ಅದು ಶೇ. 9ಕ್ಕೆ ಬಂದಾಗ 2.18 ತೂಗಬೇಕು. ಮೊದಲ ವಾರಗಳಲ್ಲಿ ತೂಕ ಬೇಗ ಬೇಗ ಇಳಿಯಿತು, ಆಮೇಲೆ ನಿಧಾನವಾಯಿತು, ಒಂದು ಹಂತದಲ್ಲಿ ಏರತೊಡಗಿತು. ಗಾಬರಿಯಾಗಿ ನೋಡಿದರೆ, ಹಿಂಗಾರಿನ ಮಳೆಗೆ ತಾರಸಿಯ ಮೇಲೆ ಬಟ್ಟೆ ಒಣಗದೆ, ಅಮ್ಮ ಆ ಕೋಣೆಯಲ್ಲೇ ಹಗ್ಗ ಕಟ್ಟಿಸಿದ್ದರು. ಖಾಲಿ ಕೋಣೆ, ಗಾಳಿ ಬರುತ್ತದೆ, ಬಟ್ಟೆಗೆ ಒಳ್ಳೆಯದು ಎಂಬುದು ಅವರ ನ್ಯಾಯ. ಹಗ್ಗ ಬಿಚ್ಚಿಸುವುದು ಇಡೀ ಕೆಲಸದಲ್ಲೇ ಕಷ್ಟದ ಮಾತುಕತೆಯಾಗಿತ್ತು. ನನ್ನ ಬಳಿಯಿದ್ದ ಹದಿನೆಂಟು ಘನ ಅಡಿ ತೇಗ ಈ ಅವಧಿಯಲ್ಲಿ ಕೋಣೆಯ ಗಾಳಿಗೆ ಬಿಟ್ಟುಕೊಟ್ಟ ನೀರು ಲೆಕ್ಕದ ಪ್ರಕಾರ ಇಪ್ಪತ್ತೈದು ಲೀಟರಿನಷ್ಟು. ಅದನ್ನು ಎರಡು ಬಿಂದಿಗೆ ನೀರೆಂದು ಹೇಳಿದ ಮೇಲೆ ಅಮ್ಮ ಒಪ್ಪಿದರು.

ಎಷ್ಟಕ್ಕೆ ಬಂದರೆ ಸಾಕು ಎಂಬ ಪ್ರಶ್ನೆಗೆ ಭಾರತೀಯ ಮಾನಕ ಐ.ಎಸ್. 287ರಲ್ಲಿ ಉತ್ತರವಿದೆ. ದೇಶವನ್ನು ವಾರ್ಷಿಕ ಸರಾಸರಿ ಆರ್ದ್ರತೆಯ ಮೇಲೆ ನಾಲ್ಕು ವಲಯಗಳಾಗಿ ಮಾಡಿ, ಬಾಗಿಲು ಕಿಟಕಿಗಳಿಗೆ ಬಳಸುವ 50 ಮಿ.ಮೀ.ಗಿಂತ ತೆಳುವಾದ ಮರಕ್ಕೆ ತೀರ ಒಣ ವಲಯದಲ್ಲಿ ಶೇ. 8ರಿಂದ ತೇವದ ಕರಾವಳಿಯಂಥ ವಲಯದಲ್ಲಿ ಶೇ. 14ರವರೆಗೆ ಮಿತಿ ಹೇಳಿದೆ. ಬಳ್ಳಾರಿಯ ಮನೆಯೊಳಗೆ ಒಂಬತ್ತರಿಂದ ಹತ್ತು ನನಗೆ ಸರಿಯೆನಿಸಿತು. ಮರವನ್ನು ಏಪ್ರಿಲಿನ ಮಟ್ಟಕ್ಕೇ ಒಣಗಿಸಿ ಬಿಗಿಯಾಗಿ ಕೂರಿಸಿದರೆ ಸೆಪ್ಟೆಂಬರಿನಲ್ಲಿ ಉಬ್ಬಿ ಗೋಡೆಯಿಂದ ಎದ್ದು ನಿಲ್ಲುತ್ತದೆ. ಸೆಪ್ಟೆಂಬರಿನ ಮಟ್ಟದಲ್ಲಿ ಕೂರಿಸಿದರೆ ಏಪ್ರಿಲಿನಲ್ಲಿ ಬಿರುಕು. ವರ್ಷದ ಏರಿಳಿತದ ನಡುವಿನ ಸ್ಥಾನ ಹಿಡಿಯುವುದಕ್ಕೆ ನಮ್ಮ ಕಡೆ ಡಿಸೆಂಬರ್, ಜನವರಿ ಅನುಕೂಲದ ತಿಂಗಳುಗಳು.

ಈ ನಡುವೆ ಕಾರ್ತೀಕ ಮಾಸದಲ್ಲಿ ಗೃಹಪ್ರವೇಶದ ಮುಹೂರ್ತ ಬಂತು. ಮುಹೂರ್ತದೊಳಗೆ ಪಟ್ಟಿ ಬಡಿದು ಮುಗಿಸಬೇಕೆಂದು ಎಲ್ಲ ಕಡೆಯಿಂದ ಒತ್ತಾಯ. ಬಡಿಗೇರರಂತೂ ಕೈಯಲ್ಲಿದ್ದ ಕೆಲಸ ಮುಗಿಸಿ ಹೊಸಪೇಟೆಯ ದೊಡ್ಡ ಕೆಲಸಕ್ಕೆ ಹೋಗುವ ಅವಸರದಲ್ಲಿದ್ದರು. "ಸಾರ್, ವರ್ಷ ಒಣಗಿದ ಕಟ್ಟಿಗಿ ಐತಿ ಇದು, ಇನ್ನೇನು ಒಣಗಸ್ತೀರಿ?" ಎಂದರು. ನಾನು ವಾದ ಮಾಡದೆ, ಅವರ ಎದುರಿಗೇ ಹಲಗೆಯ ತುಂಡೊಂದನ್ನು ಸರಿಯಾಗಿ 100 ಮಿ.ಮೀ. ಅಗಲಕ್ಕೆ ಕತ್ತರಿಸಲು ಕೇಳಿಕೊಂಡೆ, ಅಳತೆಯನ್ನು ಅವರ ಕೈಯಿಂದಲೇ ಅದರ ಮೇಲೆ ಬರೆಸಿದೆ, ಕಿಟಕಿಯ ಮೇಲಿಟ್ಟೆ. ಕೆಲವು ವಾರಗಳ ಮೇಲೆ ಅವರೇ ಟೇಪು ಹಿಡಿದು ನೋಡಿದಾಗ ಒಂದು ಮಿಲಿಮೀಟರಿಗೂ ಮೀರಿ ಕಡಿಮೆಯಾಗಿತ್ತು. ಮಾಪಕದ ಅಂಕಿಗಳು ಮಾಡದ ಕೆಲಸವನ್ನು ಆ ತುಂಡು ಮಾಡಿತು. ಹೊಸಪೇಟೆಯಿಂದ ಮರಳಿ ಬರುವುದಾಗಿ ಮಾತು ಕೊಟ್ಟು ಹೋದರು, ಬಂದರು. ಗೃಹಪ್ರವೇಶ ಪಟ್ಟಿಗಳಿಲ್ಲದೆಯೇ ನಡೆಯಿತು. ಬಾಗಿಲುವಾಡಕ್ಕೂ ಗಿಲಾವಿಗೂ ನಡುವಿನ ಹರಕನ್ನು ಮಾವಿನ ತೋರಣ ಸಾಕಷ್ಟು ಮುಚ್ಚಿತು. ಕೆಳಗೆ ಸ್ಕರ್ಟಿಂಗ್ ಇಲ್ಲದ ಗೋಡೆಯನ್ನು ತೋರಿಸಿ, ದುಡ್ಡು ಸಾಲಲಿಲ್ಲವೇ ಎಂದು ಕೇಳಿದವರಿಗೆ ಹೌದೆಂದೆ, ಅದೇ ಚಿಕ್ಕ ಉತ್ತರವಾಗಿತ್ತು.

ತೂಕ ಸತತ ಮೂರು ವಾರ ಒಂದೇ ಕಡೆ ನಿಂತ ಮೇಲೆ ಹಲಗೆಗಳನ್ನು ಕೆಲಸಕ್ಕೆ ತೆಗೆದೆವು. ಒಟ್ಟು ಎರಡು ತಿಂಗಳ ಮೇಲಾಗಿತ್ತು. ದಿನದ ಲೆಕ್ಕವನ್ನು ಯಾರಿಂದಲೂ ಎರವಲು ಪಡೆಯಬೇಡಿ. ದಪ್ಪ, ಜಾತಿ, ಆರಂಭದ ತೇವಾಂಶ, ಕೋಣೆ ಎಲ್ಲವೂ ಬೇರೆ ಬೇರೆ. ಒಂದೂಕಾಲು ಇಂಚಿನ ದಪ್ಪ ಮೊದಲಿಗೆ ಅತಿಯೆನಿಸಿದ್ದು ಈಗ ಉಪಯೋಗಕ್ಕೆ ಬಂತು, ಏಕೆಂದರೆ ಒಣಗುವಾಗ ಕೆಲವು ಹಲಗೆಗಳು ದೋಣಿಯಂತೆ ಬಾಗಿದ್ದವು, ರಂದಾ ಹೊಡೆದು ನೇರ ಮಾಡಿಯೂ ಮುಕ್ಕಾಲಿಂಚು ಪೂರ್ತಿ ಉಳಿಯಿತು. ಪಟ್ಟಿಗಳನ್ನು ಮೊದಲೇ ಅಂತಿಮ ಅಳತೆಗೆ ಕೊರೆಸಿ ಒಣಗಲು ಇಡುವವರಿಗೆ ಈ ಅವಕಾಶವಿರುವುದಿಲ್ಲ. ಮೋಲ್ಡಿಂಗ್ ಯಂತ್ರದಿಂದ ಆಕಾರ ಪಡೆದು ಬಂದ ಪಟ್ಟಿಗಳನ್ನು ತಕ್ಷಣ ಬಡಿಯದೆ ಮತ್ತೆ ಅದೇ ಕೋಣೆಯಲ್ಲಿ ರೀಪರುಗಳ ಮೇಲೆ ಕೆಲವು ದಿನ ಇಟ್ಟೆವು. ಹೊರಮೈ ತೆಗೆದಾಗ ಒಳಗಿನ ಬಿಗುವು ಬಿಟ್ಟುಕೊಂಡು ಒಂದೆರಡು ಪಟ್ಟಿಗಳು ಸ್ವಲ್ಪ ತಿರುಚಿಕೊಂಡವು. ಅವನ್ನು ಸಣ್ಣ ತುಂಡುಗಳು ಬೇಕಾದ ಕಡೆಗೆ ಬಳಸಿದೆವು.

ಕೂರಿಸುವ ಮೊದಲು ಪಟ್ಟಿಗಳ ನಾಲ್ಕೂ ಮೈಗೆ, ವಿಶೇಷವಾಗಿ ಗೋಡೆಗೆ ತಾಗುವ ಹಿಂಬದಿಗೆ ಮತ್ತು ಕತ್ತರಿಸಿದ ತುದಿಗಳಿಗೆ ಸೀಲರ್ ಹೊಡೆಸಿದೆ. ಮುಂಭಾಗಕ್ಕೆ ಮಾತ್ರ ಪಾಲಿಶ್ ಮಾಡಿ ಹಿಂಬದಿ ಬಿಟ್ಟರೆ ಎರಡು ಮೈಗಳು ಬೇರೆ ಬೇರೆ ವೇಗದಲ್ಲಿ ತೇವ ಪಡೆದು ಪಟ್ಟಿ ಬಾಗುತ್ತದೆ. ಕಾಣದ ಮೈಗೆ ಬಣ್ಣವೇಕೆ ಎಂದು ಪಾಲಿಶಿನವರು ಕೂಲಿ ಹೆಚ್ಚು ಕೇಳಿದರು, ಕೊಟ್ಟೆ. ತಿರುಳಿನ ಕಡೆಯ ಮೈ ಕೋಣೆಗೆ, ತೊಗಟೆಯ ಕಡೆಯ ಮೈ ಗೋಡೆಗೆ ಬರುವಂತೆ ಕೂರಿಸಿದೆವು. ಇನ್ನಷ್ಟು ಒಣಗಿದರೆ ಅಂಚುಗಳು ಗೋಡೆಗೇ ಒತ್ತಿಕೊಳ್ಳುತ್ತವೆ, ಎದ್ದು ನಿಲ್ಲುವುದಿಲ್ಲ. ಸ್ಕರ್ಟಿಂಗಿನ ಕೆಳ ಅಂಚು ಟೈಲ್ಸಿಗೆ ತಾಗದೆ ಎರಡು ಮೂರು ಮಿಲಿಮೀಟರ್ ಮೇಲಿದೆ. ನಮ್ಮ ಮನೆಗಳಲ್ಲಿ ದಿನವೂ ನೆಲ ಒರೆಸುತ್ತಾರೆ, ಆ ನೀರನ್ನು ಮರ ಕುಡಿಯಬಾರದು. ಎಂ.ಡಿ.ಎಫ್. (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ) ಪಟ್ಟಿ ಹಾಕಿಸುವವರು ಇದನ್ನು ಇನ್ನೂ ಗಮನದಲ್ಲಿಡಬೇಕು; ಅದು ಒಮ್ಮೆ ನೀರು ಕುಡಿದು ಊದಿಕೊಂಡರೆ ಮತ್ತೆ ಇಳಿಯುವುದಿಲ್ಲ. ಉದ್ದ ಗೋಡೆಗಳಲ್ಲಿ ಪಟ್ಟಿಗಳನ್ನು ನೇರ ಕತ್ತರಿಸಿ ಎದುರುಬದುರು ಇಡದೆ, ಓರೆಯಾಗಿ ಕತ್ತರಿಸಿ ಒಂದರ ಮೇಲೊಂದು ಬರುವಂತೆ ಕೂಡಿಸಿದೆವು.

ಬಳ್ಳಾರಿಯ ಮನೆಗಳಿಗೇ ವಿಶೇಷವಾದ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಬೇಸಗೆಯಲ್ಲಿ ಇಲ್ಲಿ ಬಹುಪಾಲು ಮನೆಗಳಲ್ಲಿ ನೀರಿನ ಕೂಲರ್ ಓಡುತ್ತದೆ. ಕೂಲರ್ ಇರುವ ಕೋಣೆಯ ಗಾಳಿ ಮಳೆಗಾಲದ ಗಾಳಿಯಷ್ಟೇ ತೇವವಾಗಿರುತ್ತದೆ, ಪಕ್ಕದ ಹಜಾರದ ಗಾಳಿ ಒಣಗಿ ಬಿರಿಯುತ್ತಿರುತ್ತದೆ. ಒಂದೇ ಮರದ ಎರಡು ಪಟ್ಟಿಗಳು ಬಾಗಿಲಿನ ಒಳಗೊಂದು ಹೊರಗೊಂದು ಋತುವಿನಲ್ಲಿ ಇರುತ್ತವೆ. ಅಂಥ ಕೋಣೆಯಲ್ಲಿ ಪಟ್ಟಿಗಳ ಮೂಲೆಗಳನ್ನು ಅಂಟು ಹಾಕಿ ಬಿಗಿದು, ಒಂದೇ ಸಾಲಿನಲ್ಲಿ ಸ್ಕ್ರೂ ಕೂರಿಸಿ, ಅಗಲಕ್ಕೆ ಉಬ್ಬಲು ಕುಗ್ಗಲು ಎಡೆ ಬಿಟ್ಟಿದ್ದೇವೆ. ಕೂಲರಿನ ಗಾಳಿ ನೇರವಾಗಿ ಬಡಿಯುವ ಕಿಟಕಿಗೆ ಮರದ ಬೀಡಿಂಗನ್ನೇ ಕೈಬಿಟ್ಟು ಅಲ್ಯೂಮಿನಿಯಂ ಹಾಕಿಸಿದೆ.

ಖರ್ಚಿನ ವಿಷಯ. ಮರಕ್ಕೆ ಹಣ ಕೊಡಬೇಕಾಗಿರಲಿಲ್ಲ. ಕಡಿಯುವುದು, ಸಾಮಿಲ್ಲಿನ ಕೊಯ್ತ, ಶಿರಸಿಯಿಂದ ಹುಬ್ಬಳ್ಳಿಯ ಮೇಲಾಗಿ ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ಗಾಡಿ ಬಾಡಿಗೆ ಸೇರಿ ಮೂವತ್ತು ಸಾವಿರದ ಹತ್ತಿರ ಆಯಿತು. ಮಳಿಗೆಯ ಬಾಡಿಗೆ, ಮಾಪಕಗಳು, ರೀಪರ್, ಬೋರಾಕ್ಸ್ ಸೇರಿ ಏಳೆಂಟು ಸಾವಿರ. ಕಾಯುವುದಕ್ಕೆಂದು ಪ್ರತ್ಯೇಕವಾಗಿ ತಗುಲಿದ್ದು ಈ ಏಳೆಂಟು ಸಾವಿರ ಮತ್ತು ಒಂದು ಕೋಣೆಯ ಬಳಕೆ. ಬಡಿಗೇರರ ಕೂಲಿ ಎರಡು ಕಂತಿನಲ್ಲಿ ಬಂದದ್ದರಿಂದ ಸ್ವಲ್ಪ ಏರಿತು. ಕೆಲಸ ನಡುವೆ ನಿಲ್ಲುತ್ತದೆ ಎಂಬುದನ್ನು ದರ ಮಾತಾಡುವಾಗಲೇ ಹೇಳಿ, ಮುಂಗಡವನ್ನು ಪಟ್ಟಿ ಕೂರಿಸುವ ಹಂತಕ್ಕೆ ಕಟ್ಟಿಡಿ. ಇಲ್ಲವಾದರೆ ಮರ ಸಿದ್ಧವಾದಾಗ ಕೈ ಸಿಗುವುದಿಲ್ಲ.

ಈಗ ಬಿಸಿಲು ಏರಿದೆ. ಮಧ್ಯಾಹ್ನ ಹಜಾರದ ಮಾಪಕ ಶೇ. 28 ತೋರಿಸುತ್ತಿದೆ, ಪಟ್ಟಿಗಳ ತೇವಾಂಶ ಏಳರ ಆಸುಪಾಸಿಗೆ ಇಳಿದಿದೆ. ಎರಡು ಬಾಗಿಲುಗಳ ಮೂಲೆಯಲ್ಲಿ ಒಳತುದಿ ಕೂದಲೆಳೆಯಷ್ಟು ತೆರೆದಿದೆ. ಅದನ್ನು ತುಂಬಿಸದೆ ಹಾಗೆಯೇ ಬಿಟ್ಟಿದ್ದೇನೆ, ಈಗ ತುಂಬಿಸಿದರೆ ಮಳೆಗಾಲದಲ್ಲಿ ಮೇಣ ಹೊರಗೆ ತಳ್ಳಲ್ಪಡುತ್ತದೆ. ಮಿಕ್ಕ ಹಲಗೆಗಳು ರಿಪೇರಿಗೆಂದು ಅದೇ ಕೋಣೆಯ ಅಟ್ಟದ ಮೇಲಿವೆ. ಪಾಸಿನ ಮೂಲಪ್ರತಿಯನ್ನೂ ಸಾಮಿಲ್ಲಿನ ರಸೀದಿಯನ್ನೂ ಮನೆಯ ಕಾಗದಪತ್ರಗಳ ಜೊತೆಗೇ ಇಟ್ಟಿದ್ದೇನೆ. ಉಳಿದ ತೇಗವನ್ನು ಎಂದಾದರೂ ಬೇರೆ ಊರಿಗೆ ಸಾಗಿಸಬೇಕಾದರೆ ಅದು ಎಲ್ಲಿಂದ ಬಂತೆಂದು ತೋರಿಸಲು ಆ ಕಾಗದಗಳೇ ಬೇಕಾಗುತ್ತವೆ.